ಬಿಳಿ ಪ್ರಕ್ಷೇಪ ಬಂದು ಕರಗಿತು: ಸತುವೋ, ಅಲ್ಯೂಮಿನಿಯಮ್ಮೋ, ಸೀಸವೋ?

ಲ್ಯಾಬಿನಲ್ಲಿ ಕೊಟ್ಟ ಉಪ್ಪಿನಲ್ಲಿ ಯಾವ ಲೋಹವಿದೆ ಎಂದು ಪತ್ತೆಹಚ್ಚಲು ಅದರ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಬಿಳಿ ಪ್ರಕ್ಷೇಪ (ಕರಗದೆ ಬೇರ್ಪಡುವ ಘನ) ಬಂತು, ಇನ್ನಷ್ಟು ಹಾಕಿದರೆ ಕರಗಿತು, ಸತು ಅಂತ ಬರೆದರೆ ತಪ್ಪಾಯಿತು ಎಂದಿದ್ದೀರಿ. ಅಷ್ಟನ್ನೇ ನೋಡಿ ಸತು ಎನ್ನಲು ಬರುವುದಿಲ್ಲ. ಸತು, ಅಲ್ಯೂಮಿನಿಯಂ, ಸೀಸ ಮೂರೂ ಹೀಗೇ ಮಾಡುತ್ತವೆ, ಏಕೆಂದರೆ ಮೂರರ ಹೈಡ್ರಾಕ್ಸೈಡೂ ಆಮ್ಲದಲ್ಲೂ ಕರಗುತ್ತದೆ, ಹೆಚ್ಚಿನ ಕ್ಷಾರದಲ್ಲೂ ಕರಗುತ್ತದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಆಗಿದ್ದರೆ ಬಿಳಿ ಹಾಗೇ ಉಳಿಯುತ್ತಿತ್ತು.

ಸತುವನ್ನು ಬೇರೆ ಮಾಡಿ ತೋರಿಸುವುದು ಅಮೋನಿಯಾ. ಬೇರೆ ಪ್ರನಾಳದಲ್ಲಿ (ಟೆಸ್ಟ್ ಟ್ಯೂಬ್) ಉಪ್ಪಿನ ಮೂಲ ದ್ರಾವಣ 1 ಮಿ.ಲೀ. ತೆಗೆದುಕೊಂಡು, 2 ಮೋಲಾರ್ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಅಲ್ಲಾಡಿಸಿ. ಮೊದಲು ಬಂದ ಬಿಳಿ, ಅಮೋನಿಯಾ ಹೆಚ್ಚಾದಂತೆ ತಿಳಿಯಾದರೆ ಸತು: ಅದು ಅಮೋನಿಯಾ ಜೊತೆ ಕರಗುವ ಸಂಕೀರ್ಣ ಅಯಾನು (ಲೋಹಕ್ಕೆ ಅಮೋನಿಯಾ ಅಂಟಿಕೊಂಡ, ವಿದ್ಯುದಾವೇಶವುಳ್ಳ ಕಣ) ಕಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಂ, ಸೀಸ ಕಟ್ಟಿಕೊಳ್ಳುವುದಿಲ್ಲ, ಪ್ರಕ್ಷೇಪ ಉಳಿಯುತ್ತದೆ.

ಇಲ್ಲೇ ಹೆಚ್ಚು ಜನ ಎಡವುವುದು. ಮುಚ್ಚಳ ಸಡಿಲವಿದ್ದ ಹಳೆಯ ಬಾಟಲಿಯಲ್ಲಿ ಅಮೋನಿಯಾ ಆವಿಯಾಗಿ ಹೋಗಿರುತ್ತದೆ. ಆಗ ಸತುವಿನ ಬಿಳಿಯೂ ಕರಗದೆ, ಅಲ್ಯೂಮಿನಿಯಂ ಎಂದು ಬರೆದುಬಿಡುತ್ತೀರಿ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಬಾಟಲಿಯ ಬಾಯಿಗೆ ಹಿಡಿಯಿರಿ, ಅಮೋನಿಯಾ ಇನ್ನೂ ಇದ್ದರೆ ದಟ್ಟ ಬಿಳಿ ಹೊಗೆ ಏಳಬೇಕು. ಇನ್ನೊಂದು ತಪ್ಪು, ಸೋಡಿಯಂ ಹೈಡ್ರಾಕ್ಸೈಡನ್ನು ಒಮ್ಮೆಲೇ ಸುರಿಯುವುದು: ಪ್ರಕ್ಷೇಪ ಕಣ್ಣಿಗೆ ಬೀಳುವ ಮೊದಲೇ ಕರಗಿಹೋಗಿ, ಏನೂ ಬರಲಿಲ್ಲ ಅನಿಸುತ್ತದೆ. ಉಪ್ಪನ್ನು ಆಮ್ಲದಲ್ಲಿ ಕರಗಿಸಿದ್ದರೆ ಇದಕ್ಕೆ ತಿರುಗುಮುರುಗು. ಮೊದಲ ಹನಿಗಳೆಲ್ಲ ಆಮ್ಲವನ್ನು ತಟಸ್ಥಗೊಳಿಸಲು ಹೋಗುತ್ತವೆ, ಬೇಗ ಕೈಬಿಡಬೇಡಿ. ಅಲ್ಯೂಮಿನಿಯಂ ಪ್ರಕ್ಷೇಪವಂತೂ ಬೆಂದ ಸಬ್ಬಕ್ಕಿಯಂತೆ ಲೋಳೆ, ಅರೆಪಾರದರ್ಶಕ. ಪ್ರನಾಳದ ಹಿಂದೆ ಕಪ್ಪು ಕಾಗದ ಹಿಡಿದು ನೋಡಿ.

ಉಳಿದ ಎರಡರಲ್ಲಿ ಸೀಸ ಹಿಡಿಯುವುದು ಸುಲಭ. ಮೂಲ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಎರಡು ಹನಿ ಹಾಕಿದರೆ ಅರಿಸಿನದಂಥ ಹಳದಿ. ಅದಕ್ಕೆ ನೀರು ಸೇರಿಸಿ ಕುದಿಸಿದರೆ ಬಣ್ಣವಿಲ್ಲದೆ ಕರಗಿ, ತಣಿದಾಗ ಚಿನ್ನದ ಚೂರುಗಳಂತೆ ಮಿನುಗುತ್ತಾ ಇಳಿಯುತ್ತದೆ. ಅಯೋಡೈಡ್ ಧಾರಾಳವಾಗಿ ಹಾಕಬೇಡಿ, ಹೆಚ್ಚಾದರೆ ಹಳದಿಯೇ ಕರಗುತ್ತದೆ. ತಣ್ಣನೆಯ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದಿಂದಲೂ ಸೀಸಕ್ಕೆ ಬಿಳಿ ಬರುತ್ತದೆ. ಆದರೆ ಸೀಸದ ಕ್ಲೋರೈಡ್ ತಣ್ಣೀರಿನಲ್ಲೇ ಲೀಟರಿಗೆ ಸುಮಾರು 10 ಗ್ರಾಂ ಕರಗುವುದರಿಂದ, ದ್ರಾವಣ ತೆಳುವಾಗಿದ್ದರೆ ಏನೂ ಕಾಣದು. ಹಾಗಾಗಿ ಆಮ್ಲಕ್ಕೆ ಬಿಳಿ ಬರಲಿಲ್ಲ ಎಂದು ಸೀಸವನ್ನು ಹೊಡೆದುಹಾಕಬೇಡಿ.

ಸೀಸದ ಪ್ರನಾಳವನ್ನು ಸಿಂಕಿಗೆ ಚೆಲ್ಲದೆ ಲ್ಯಾಬಿನ ತ್ಯಾಜ್ಯದ ಬಾಟಲಿಗೆ ಸುರಿಯಿರಿ.