ಅಗಳಿ ಯಾರ ಕೈಯಲ್ಲಿದೆ?

ಪ್ರಶ್ನೆ: ಮೇಡಂ, ನಾನು ಗೃಹಿಣಿ, ಆಗೊಮ್ಮೆ ಈಗೊಮ್ಮೆ ಕಥೆ ಬರೆಯುತ್ತೇನೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಮಾಲಕನಿಗೂ ಅಲ್ಲಿ ದುಡಿಯುವ ಮೂವತ್ತೈದರ ವಿಧವೆಗೂ ನಡುವೆ ಬೆಳೆಯುವ ಶೃಂಗಾರದ ಕಥೆಯನ್ನು ಇದರೊಂದಿಗೆ ಕಳಿಸಿದ್ದೇನೆ. ಆತ ಆಜ್ಞಾಪಿಸುತ್ತಾನೆ, ಆಕೆ ಸಂತೋಷದಿಂದಲೇ ಶರಣಾಗುತ್ತಾಳೆ. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ಸಂಕಟ ಕಂಡ ಈ ಸೀಮೆಯಲ್ಲಿ ಇಂಥದ್ದನ್ನು ಬರೆಯಬಾರದೆಂದು ಗೆಳತಿ ನೊಂದುಕೊಂಡಳು. ಹಾಗೆಂದು ಪುಟಪುಟಕ್ಕೂ ಒಪ್ಪಿಗೆ ಕೇಳಿಸಿದರೆ ಕಥೆ ಕರಾರುಪತ್ರವಾಗುವುದಿಲ್ಲವೇ?
– ಹೆಸರು ಬೇಡ, ಸಿಂಧನೂರು

ಉತ್ತರ: ತಂಗಿ, ನಿಮ್ಮ ಗೆಳತಿಯ ನೋವಿಗೆ ಕಾರಣವಿದೆ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿದ್ದರೂ, ಆ ಪದ್ಧತಿಯ ಗಾಯ ಹೊತ್ತ ತಾಯಂದಿರು ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ನಿನಗೆ ಇಷ್ಟವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ನಿಮ್ಮ ನಾಯಕಿಯ ಆಸೆಯೂ ಸುಳ್ಳಲ್ಲ. ನಂಬಿದವರ ಕೈಗೆ ತನ್ನನ್ನು ಕೊಟ್ಟು ಹಗುರಾಗುವ ಬಯಕೆ ಗಂಡಿಗೂ ಉಂಟು. ಗೀತಗೋವಿಂದದಲ್ಲಿ ಕೃಷ್ಣನೇ ರಾಧೆಯ ಪಾದವನ್ನು ತನ್ನ ತಲೆಯ ಮೇಲಿಡೆಂದು ಬೇಡುತ್ತಾನೆ. ಆದ್ದರಿಂದ ಶರಣಾಗತಿಯ ಬಗ್ಗೆ ನನ್ನ ತಕರಾರಿಲ್ಲ.

ಕಾಮಸೂತ್ರವನ್ನು ಭಂಗಿಗಳ ಪುಸ್ತಕವೆಂದು ತಿಳಿದವರೇ ಹೆಚ್ಚು. ಪ್ರಣಯದ ನಡುವಿನ ಹೊಡೆತಗಳ ಅಧ್ಯಾಯವನ್ನು ನೀವು ಓದಬೇಕು. ಬಗೆಬಗೆಯ ಏಟುಗಳನ್ನು ವಿವರಿಸುತ್ತಲೇ ವಾತ್ಸ್ಯಾಯನ ಅಲ್ಲಿ ಸಾವುಗಳನ್ನು ನೆನೆಯುತ್ತಾನೆ: ಕುಂತಲದ ಶಾತಕರ್ಣಿ ಶಾತವಾಹನನು ‘ಕರ್ತರಿ’ ಎಂಬ ಹೊಡೆತದಿಂದ ರಾಣಿ ಮಲಯವತಿಯನ್ನೇ ಕೊಂದನು. ಕುಂತಲವೆಂದರೆ ನಮ್ಮ ಈ ಸೀಮೆಯನ್ನೂ ಒಳಗೊಂಡಿದ್ದ ನಾಡು; ಆ ಸಾಲನ್ನು ಓದಿದಾಗಲೆಲ್ಲ ನನಗೆ ಪಕ್ಕದ ಊರಿನ ಸಾವಿನ ಸುದ್ದಿ ಕೇಳಿದಂತಾಗುತ್ತದೆ. ನಾಗಾಲೋಟದ ಕುದುರೆಗೆ ದಾರಿಯ ಮೋಟು, ಗುಂಡಿ, ಕಮರಿ ಯಾವುದೂ ಕಾಣದಂತೆ ರಾಗಾಂಧರಿಗೆ ಏಟಿನ ಅಳತೆ ಕಾಣದು, ಹಾಗಾಗಿ ಎದುರಿಗಿರುವವರ ಬಲವನ್ನೂ ಕೋಮಲತೆಯನ್ನೂ ಅರಿತು ನಡೆಯಬೇಕು ಎಂದು ಆತ ಎಚ್ಚರಿಸುತ್ತಾನೆ.

ನಮ್ಮ ಜನ್ನನ ಯಶೋಧರ ಚರಿತೆ ಇನ್ನೂ ಕಠಿಣ. ರಾಣಿ ಅಮೃತಮತಿ ಕುರೂಪಿ ಮಾವುತನ ಬಳಿಗೆ ತಾನಾಗಿಯೇ ಹೋಗುತ್ತಾಳೆ. ತಡವಾಯಿತೆಂದು ಆತ ಬಡಿದಾಗ ಅವನ ಕಾಲಿಗೇ ಬೀಳುತ್ತಾಳೆ. ಹಗಲಿನಲ್ಲಿ ಅಧಿಕಾರವೆಲ್ಲ ಅವಳದು, ಇರುಳಿನಲ್ಲಿ ಅವನದು. ಹಾಗಿದ್ದರೂ ಬರಲು ಒಪ್ಪಿದವಳು ಬಡಿಸಿಕೊಳ್ಳಲೂ ಒಪ್ಪಿದಳೆಂದು ನಾನು ಓದಲಾರೆ.

ಈಗ ನಿಮ್ಮ ಕಥೆ. ನನಗೆ ಕಸಿವಿಸಿಯಾದದ್ದು ಆಜ್ಞೆಯಿಂದಲ್ಲ, ಬಟವಾಡೆಯಿಂದ. ಅವರ ಮೊದಲ ಭೇಟಿಯನ್ನು ನೀವು ಶನಿವಾರ ಸಂಜೆಗೆ ಇಟ್ಟಿದ್ದೀರಿ. ಆಕೆಯ ವಾರದ ಪಗಾರ ಇನ್ನೂ ಮಾಲಕನ ಮೇಜಿನ ಖಾನೆಯಲ್ಲೇ ಇದೆ. ಆ ಹೊತ್ತಿನಲ್ಲಿ ಆಕೆ ‘ಹೂಂ’ ಎಂದರೆ ಅದು ಆಸೆಯೋ, ಮನೆಯಲ್ಲಿ ಜೋಳ ಮುಗಿದಿರುವ ಚಿಂತೆಯೋ ಎಂಬುದನ್ನು ಓದುಗರು ಹೇಗೆ ತಿಳಿಯಬೇಕು? ಆ ಚಿಂತೆಯನ್ನೇ ಬರೆಯುವುದಾದರೆ ಬರೆಯಿರಿ, ಅದೂ ಅಗತ್ಯವಾದ ಕಥೆಯೇ. ಆದರೆ ಅದಕ್ಕೆ ಶೃಂಗಾರವೆಂದು ಹೆಸರಿಡಬೇಡಿ. ಶೃಂಗಾರವೇ ಬೇಕಿದ್ದರೆ ಆಕೆಯನ್ನು ಬೇರೊಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳನ್ನಾಗಿ ಮಾಡಿ. ಆಗ ಆಕೆಯ ಅನ್ನ ಅವನ ಕೈಯಲ್ಲಿರುವುದಿಲ್ಲ.

ಕರಾರುಪತ್ರದ ಭಯ ಬೇಡ. ಆತ ಆಜ್ಞಾಪಿಸಿದ ಮೇಲೆ ಆಕೆ ಒಂದು ಗಳಿಗೆ ಸುಮ್ಮನಿರಲಿ, ಆತ ಕಾಯಲಿ. ಒಮ್ಮೆ ಆಕೆ ‘ಸಾಕು’ ಎನ್ನಲಿ. ಆತ ಕೈ ತೆಗೆದು, ಬಾಗಿಲಿನ ಅಗಳಿ ಸರಿಸಿ, ಪಕ್ಕಕ್ಕೆ ನಿಲ್ಲಲಿ. ಆಕೆ ಎದ್ದು ಹೋಗಿ, ಹೊರಗಿನ ಗಡಿಗೆಯಿಂದ ನೀರು ಕುಡಿದು, ಮರಳಿ ಬಂದು ತನ್ನ ಕೈಯಿಂದಲೇ ಅಗಳಿ ಹಾಕಿದರೆ, ಆ ಪುಟಕ್ಕೆ ಈಗಿರುವುದಕ್ಕಿಂತ ಹೆಚ್ಚಿನ ಕಾವು ಬರುತ್ತದೆ.