ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್: ಹಾಕಬಹುದು, ಆಮೇಲೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಬೆಂಬಲ ನಿಲ್ಲಿಸಿತು. ಉಡುಪಿಯ ನನ್ನ ರಿಪೇರಿ ಅಂಗಡಿಗೂ ಆವತ್ತಿನಿಂದ ಇದೇ ಚಿಂತೆ ಹೊತ್ತು ಜನ ಬರುತ್ತಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪ್ರಶ್ನೆ: 2016ರಲ್ಲಿ ಮಗ ಕೊಡಿಸಿದ ಲ್ಯಾಪ್‌ಟಾಪ್ ಇದೆ. ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 10. "ವಿಂಡೋಸ್ 11 ಇದಕ್ಕೆ ಬರೋದಿಲ್ಲ, ಹೊಸದೇ ತಗೊಳ್ಳಿ" ಎಂದು ಒಂದು ಅಂಗಡಿಯಲ್ಲಿ ಹೇಳಿದರು. ನಾನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳೆಲ್ಲ ಅದರಲ್ಲೇ ಇವೆ. ಪಿಂಚಣಿ ಜಮೆ ಆಯಿತಾ ಎಂದು ನೋಡುವುದೂ ಅದರಲ್ಲೇ. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ಬ್ರಹ್ಮಾವರ

ಉತ್ತರ: ಮಾಸ್ಟ್ರೇ, ಅದನ್ನು ಗುಜರಿಗೆ ಹಾಕಬೇಡಿ. ನಿಮ್ಮ ಕೆಲಸಕ್ಕೆ ಅದು ಇನ್ನೂ ಕೆಲವು ವರ್ಷ ಧಾರಾಳ ಸಾಕು.

ಅಂಗಡಿಯವರು ಹೇಳಿದ್ದು ಅರ್ಧ ನಿಜ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ. ಟಿಪಿಎಂ ಅಂದರೆ ಕಂಪ್ಯೂಟರಿನ ಗುಪ್ತ ಕೀಗಳನ್ನು ಬೇರೆಯಾಗಿ ಕಾದಿಡುವ ಭದ್ರತಾ ವ್ಯವಸ್ಥೆ. ನಿಮ್ಮದು ಐದನೇ ತಲೆಮಾರು, ಹಾಗಾಗಿ ಪಟ್ಟಿಯಿಂದ ಹೊರಗೆ. ಆದರೂ ವಿಂಡೋಸ್ 11 ಅದರಲ್ಲಿ ಕೂರುತ್ತದೆ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ 8 ಜಿಬಿ ಪೆನ್‌ಡ್ರೈವ್ ತಯಾರು ಮಾಡುವಾಗ, ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಇವುಗಳ ತಪಾಸಣೆ ಬೇಡ ಎಂಬ ಆಯ್ಕೆ ಬರುತ್ತದೆ. ಅದಕ್ಕೆ ಟಿಕ್ ಹಾಕಿದರಾಯಿತು.

ಹಾಕುವುದು ಕಷ್ಟವಲ್ಲ. ಆಮೇಲೆ ನೋಡಿಕೊಳ್ಳುವವರು ಯಾರು? ನಾನು ಎಲ್ಲರನ್ನೂ ಮೊದಲು ಕೇಳುವುದು ಇದನ್ನೇ. ಪಟ್ಟಿಯ ಹೊರಗಿನ ಕಂಪ್ಯೂಟರಿಗೂ ತಿಂಗಳ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ. ಬಂದೇ ಬರುತ್ತದೆ ಎಂದು ಕಂಪನಿ ಮಾತು ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಹೊರಡುವ ದೊಡ್ಡ ಆವೃತ್ತಿಯಂತೂ ತಾನಾಗಿ ಬರುವುದಿಲ್ಲ. ಮನೆಬಳಕೆಯ ಒಂದೊಂದು ಆವೃತ್ತಿಗೂ ಎರಡು ವರ್ಷದ ಆಯುಸ್ಸು. ಅದು ಮುಗಿಯುವ ಮೊದಲು ಮತ್ತೆ ಪೆನ್‌ಡ್ರೈವ್ ಮಾಡಿ ನಾವೇ ಹಾಕಬೇಕು. ಮಗ ಪರವೂರಿನಲ್ಲಿದ್ದು, ಮನೆಯಲ್ಲಿ ನೀವಿಬ್ಬರೇ ಇದ್ದರೆ ಈ ಕೆಲಸ ಮರೆತೇ ಹೋಗುತ್ತದೆ. ಭದ್ರತೆಯ ಅಪ್‌ಡೇಟ್ ನಿಂತ ಯಂತ್ರದಲ್ಲಿ ಪಿಂಚಣಿ ಖಾತೆ ತೆರೆಯುವುದು ನನಗೆ ಸರಿ ಕಾಣುವುದಿಲ್ಲ.

ನಿಮಗೆ ನಾನು ಹೇಳುವ ದಾರಿ ಹೀಗೆ. ಈಗ ವಿಂಡೋಸ್ 10ನ್ನೇ ಇಟ್ಟುಕೊಳ್ಳಿ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ಅದಕ್ಕೆ ಸೇರುವ ಕೊಂಡಿ ಕಾಣುತ್ತದೆ. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ.

ಸಿಕ್ಕಿದ ಈ ಸಮಯದಲ್ಲಿ ಪ್ರಸಂಗಗಳನ್ನು ಭದ್ರ ಮಾಡಿ. ನನಗೆ ನಿಮ್ಮ ಲ್ಯಾಪ್‌ಟಾಪಿಗಿಂತ ಅವುಗಳದ್ದೇ ಜಾಸ್ತಿ ಚಿಂತೆ. ನುಡಿಯ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಇಡೀ ಪ್ರಸಂಗ ತಲೆಬುಡವಿಲ್ಲದ ಇಂಗ್ಲಿಷ್ ಆಗಿ ಕಾಣುತ್ತದೆ. ಆದ್ದರಿಂದ ಕಡತಗಳ ಜೊತೆಗೆ ಆ ಫಾಂಟ್‌ಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ. ಆಮೇಲೆ ನುಡಿಯ ಪರಿವರ್ತಕದಲ್ಲಿ ಒಂದೊಂದನ್ನೇ ಯೂನಿಕೋಡಿಗೆ ತನ್ನಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಿಟ್ಟು ಓದಬೇಕು. ತಪ್ಪು ಉಳಿಯುವುದು ಅಲ್ಲೇ. ಭಾಮಿನಿಯ ಒಂದು ಒತ್ತು ಬಿದ್ದುಹೋದರೆ ಮಾತ್ರೆ ಕೆಡುತ್ತದೆ, ಅದನ್ನು ಹಿಡಿಯುವುದು ಯಂತ್ರಕ್ಕೆ ಆಗದು, ನಿಮಗೇ ಆಗಬೇಕು. ಮೂಲ ಕಡತಗಳನ್ನು ಅಳಿಸಬೇಡಿ.

ಅಷ್ಟಾದ ಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿ. ಮಿಂಟ್ 22ರ ಸಾಲಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ, ಹಳೆ ಯಂತ್ರ ಎಂಬ ಭೇದ ಅದಕ್ಕಿಲ್ಲ. ಬ್ಯಾಂಕಿನ ಜಾಲತಾಣ ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತದೆ, ಬರವಣಿಗೆಗೆ ಲಿಬ್ರೆಆಫೀಸ್ ಇದೆ. ಟೈಪಿಂಗ್ ಹೊಸದಾಗಿ ಕಲಿಯಬೇಕಾ ಎಂಬ ಹೆದರಿಕೆ ಬೇಡ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯಲ್ಲಿ ಇರುವುದು. ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕನ್ನಡ ಕೆಜಿಪಿ ಎಂದು ಆರಿಸಿಕೊಂಡರೆ ಅದೇ ವಿನ್ಯಾಸ ಸಿಗುತ್ತದೆ. ಬೆರಳಿಗೆ ರೂಢಿಯಾದದ್ದು ಹಾಗೇ ನಡೆಯುತ್ತದೆ.

ಯಾವುದನ್ನು ಹಾಕಿದರೂ ಎರಡು ಖರ್ಚು ಮಾಡಲೇಬೇಕು. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ರ‍್ಯಾಮ್ ಕೊಳ್ಳುವಾಗ ಹಳೆಯದರ ಚೀಟಿ ಓದಿ. ಪಿಸಿ3ಎಲ್ ಎಂದಿದ್ದರೆ ಹೊಸದರಲ್ಲೂ ಆ 'ಎಲ್' ಇರಬೇಕು. ಅದು ಕಡಿಮೆ ವೋಲ್ಟೇಜಿನ ರ‍್ಯಾಮ್, ಬರಿ ಪಿಸಿ3 ಹಾಕಿದರೆ ಲ್ಯಾಪ್‌ಟಾಪ್ ಏಳುವುದಿಲ್ಲ. ಹೇಗೂ ಬಿಚ್ಚುತ್ತೀರಲ್ಲ, ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ. ನಮ್ಮ ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ ಸೇರಿ ಅವು ಮಂಕಾಗಿರುತ್ತವೆ. ಮಲ್ಪೆ ಕಡೆಯಿಂದ ಬರುವ ಯಂತ್ರಗಳಲ್ಲಿ ಸ್ಕ್ರೂ ತಲೆಗೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುವುದನ್ನು ನಾನು ದಿನಾ ನೋಡುತ್ತೇನೆ. ಮಕ್ಕಳ ಬಿಳಿ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಎಂದು ಕೂರುವ ಹಾಗೆ ಮತ್ತೆ ಹಾಕಬೇಕು. ಆನ್ ಆಗದೆ ಬೀಪ್ ಬೀಪ್ ಎನ್ನುವ ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಸರಿಯಾಗುತ್ತವೆ.

ಪ್ರಶ್ನೆ: ಸೋದರಮಾವ ಕೊಟ್ಟ 2015ರ ಮ್ಯಾಕ್‌ಬುಕ್ ಏರ್ ಬಳಸುತ್ತಿದ್ದೇನೆ, 8 ಜಿಬಿ ರ‍್ಯಾಮ್. ಮಾಂಟೆರೇ ಆದ ಮೇಲೆ ಹೊಸ ಆವೃತ್ತಿ ಬರುತ್ತಿಲ್ಲ. ಕಾಲೇಜಿಗೆ ಬೇಕಾದ ಕೆಲವು ಆ್ಯಪ್‌ಗಳು ಹೊಸ ಮ್ಯಾಕ್‌ಓಎಸ್ ಕೇಳುತ್ತಿವೆ. ಓಪನ್‌ಕೋರ್ ಹಾಕಬಹುದಾ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಹಾಕಬಹುದು. ನೀವು ಹೇಳುತ್ತಿರುವುದು ಓಪನ್‌ಕೋರ್ ಲೆಗಸಿ ಪ್ಯಾಚರ್. ಆಪಲ್ ಕೈಬಿಟ್ಟ ಇಂಟೆಲ್ ಮ್ಯಾಕ್‌ಗಳಿಗೆ ಹೊಸ ಆವೃತ್ತಿ ಹಾಕಲು ಸ್ವಯಂಸೇವಕರು ಕಟ್ಟಿದ ಉಚಿತ ತಂತ್ರಾಂಶ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ದುಡ್ಡಿಲ್ಲದೆ ಮಾಡಿಕೊಟ್ಟ ಅವರ ಬಗ್ಗೆ ನನಗೆ ಬಹಳ ಗೌರವ. ನಿಮ್ಮ ಏರ್‌ಗೆ 2024ರ ಮ್ಯಾಕ್‌ಓಎಸ್ ಆವೃತ್ತಿ ಸಿಕ್ವೋಯಾವನ್ನು ಇದರಿಂದ ಹಾಕಬಹುದು.

ನಡೆಯುವುದು ಹೀಗೆ. ಮ್ಯಾಕ್ ಶುರುವಾಗುವಾಗ ಓಪನ್‌ಕೋರ್ ಮೊದಲು ಎದ್ದು, ಇದು ಬೆಂಬಲ ಇರುವ ಯಂತ್ರವೇ ಎಂದು ಮ್ಯಾಕ್‌ಓಎಸ್ ಒಪ್ಪುವ ಹಾಗೆ ಮಾಡುತ್ತದೆ. ಆದರೆ ನಿಮ್ಮ ಏರ್‌ನ ಗ್ರಾಫಿಕ್ಸ್‌ಗೆ, ವೈಫೈಗೆ ಬೇಕಾದ ಡ್ರೈವರ್‌ಗಳನ್ನು (ಆ ಭಾಗಗಳನ್ನು ನಡೆಸುವ ತಂತ್ರಾಂಶ) ಆಪಲ್ ಹೊಸ ಆವೃತ್ತಿಗಳಿಂದ ತೆಗೆದುಹಾಕಿದೆ. ಅವನ್ನು ಮತ್ತೆ ಸೇರಿಸುವುದಕ್ಕೆ ರೂಟ್ ಪ್ಯಾಚ್ ಎನ್ನುತ್ತಾರೆ. ಅದು ಆಗುವವರೆಗೆ ಪರದೆ ಎಳೆದೆಳೆದು ಬರುತ್ತದೆ, ವೈಫೈ ಇರುವುದೇ ಇಲ್ಲ. ಗಾಬರಿ ಬೇಡ. ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇಲ್ಲೂ ಇದೆ, ಇಲ್ಲಿ ಉತ್ತರ ನೀವೇ. ಆಪಲ್‌ನ ಅಪ್‌ಡೇಟ್ ಬಂದಾಗಲೆಲ್ಲ ಆ ಪ್ಯಾಚ್ ಅಳಿಸಿಹೋಗುತ್ತದೆ, ಮತ್ತೆ ಹಾಕಬೇಕು. ಆದ್ದರಿಂದ ಅಪ್‌ಡೇಟ್ ತಾನಾಗಿ ಆಗುವುದನ್ನು ಆಫ್ ಮಾಡಿ. ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ ಖಂಡಿತ ಇದಕ್ಕೆ ಕೈಹಾಕಬೇಡಿ, ರಜೆಯಲ್ಲಿ ಮಾಡಿ. ಪ್ಯಾಚ್ ಕೂರಬೇಕಾದರೆ ಮ್ಯಾಕ್‌ನ ಕೆಲವು ಭದ್ರತಾ ಕಟ್ಟುಪಾಡುಗಳನ್ನು ಸಡಿಲ ಮಾಡಲೇಬೇಕು. ಹಾಗಾಗಿ ಎಲ್ಲೆಲ್ಲಿಂದಲೋ ಇಳಿಸಿದ ಆ್ಯಪ್ ಅದರಲ್ಲಿ ಹಾಕಬೇಡಿ.

ನನ್ನ ಮುಖ್ಯ ಸಲಹೆ: ಮೊದಲು ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಗೆ ಹಾಕಿ ನೋಡಿ. ಇನ್‌ಸ್ಟಾಲರ್‌ಗೆ 32 ಜಿಬಿ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಆನ್ ಮಾಡುವಾಗ ಆಪ್ಷನ್ ಕೀ ಒತ್ತಿ ಹಿಡಿದರೆ ಡಿಸ್ಕ್‌ಗಳ ಸಾಲು ಬರುತ್ತದೆ, ಅಲ್ಲಿ ಇಎಫ್‌ಐ ಬೂಟ್ ಆರಿಸಿ. ಒಳಗಿನ ಮಾಂಟೆರೇ ಹಾಗೇ ಇರುತ್ತದೆ. ಕೆಲವು ದಿನ ನಿಮ್ಮ ನಿಜವಾದ ಕೆಲಸ ಮಾಡಿ ನೋಡಿ, ಕ್ಯಾಮೆರಾ, ನಿದ್ದೆಯಿಂದ ಏಳುವುದು, ಬ್ಯಾಟರಿ ಎಲ್ಲ ಒಗ್ಗಿದರೆ ಒಳಗೆ ಹಾಕಿ. ಅದಕ್ಕೂ ಮೊದಲು ಟೈಮ್ ಮಷೀನ್ ಬ್ಯಾಕಪ್ ಕಡ್ಡಾಯ. ಇದನ್ನೇ 4 ಜಿಬಿ ಏರ್ ಇರುವವರು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಏರ್‌ನ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸಲು ಆಗುವುದಿಲ್ಲ.

ಇನ್ನೊಂದು ಮಾತು ತಿಳಿದಿರಲಿ. 2025ರ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಎಂದು ಆಪಲ್ ಹೇಳಿಯಾಗಿದೆ. ಹಾಗಾಗಿ ಈ ದಾರಿ ಬಹಳ ಉದ್ದ ಇಲ್ಲ. ನಿಮ್ಮ ಪದವಿ ಮುಗಿಯುವವರೆಗೆ ಸಾಗಿದರೆ ಸಾಕು, ಅಲ್ವಾ?

ಪ್ರಶ್ನೆ: 2018ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್, ಐ5-8400 ಪ್ರೊಸೆಸರ್. ಅದರಲ್ಲಿ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಜಿಎಸ್‌ಟಿ ಕೆಲಸ. ವಿಂಡೋಸ್ 11ಕ್ಕೆ ಪರೀಕ್ಷೆ ಮಾಡಿದರೆ 'ಟಿಪಿಎಂ ಇಲ್ಲ' ಎನ್ನುತ್ತದೆ. ರೂಫಸ್ ಬಳಸಲೇ?
– ಲೆಕ್ಕಪತ್ರ ಬರೆಯುವವರು, ಕಂಕನಾಡಿ, ಮಂಗಳೂರು

ಉತ್ತರ: ಬೇಡ ಮಾರಾಯ್ರೆ, ಅದರ ಅಗತ್ಯವೇ ಇಲ್ಲ. 8400 ಎಂಟನೇ ತಲೆಮಾರಿನದು, ಪಟ್ಟಿಯ ಒಳಗೇ ಇದೆ. ಟಿಪಿಎಂ ಕೂಡ ಬೋರ್ಡಿನಲ್ಲೇ ಇದೆ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಪಿಟಿಟಿ ಎಂಬ ಹೆಸರು, ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ. ಆನ್ ಮಾಡಿ, ವಿಂಡೋಸ್ ಒಳಗೆ ಟಿಪಿಎಂ.ಎಂಎಸ್‌ಸಿ ಎಂದು ಕೊಟ್ಟು ನೋಡಿ, 2.0 ಎಂದು ಕಾಣಬೇಕು.

ಇನ್ನೊಂದು ತೊಡಕು ಬರಬಹುದು. ಜೋಡಿಸಿದವರು ವಿಂಡೋಸನ್ನು ಹಳೆ ಲೆಗಸಿ ಕ್ರಮದಲ್ಲಿ ಹಾಕಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆ ವಿಂಗಡಣೆಯದ್ದಾಗಿರುತ್ತದೆ. ಅದನ್ನು ಜಿಪಿಟಿ ಎಂಬ ಹೊಸ ವಿಂಗಡಣೆಗೆ ಬದಲಿಸಬೇಕು. ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನ ಕಡತಗಳನ್ನು ಅಳಿಸದೆ ಈ ಕೆಲಸ ಮಾಡುತ್ತದೆ. ಮೊದಲು ಡಿಸ್ಕ್ ಬದಲಿಸಿ, ಆಮೇಲೆ ಬಯೋಸ್‌ನಲ್ಲಿ ಲೆಗಸಿ ತೆಗೆದು ಯುಇಎಫ್‌ಐ ಎಂಬ ಹೊಸ ಕ್ರಮ ಮಾಡಿ. ಈ ಕ್ರಮ ತಪ್ಪಿದರೆ ವಿಂಡೋಸ್ ಏಳುವುದಿಲ್ಲ. ಟ್ಯಾಲಿಯ ಡೇಟಾ ಫೋಲ್ಡರನ್ನು ಮೊದಲೇ ಹೊರಗಿನ ಡಿಸ್ಕಿಗೆ ತೆಗೆದಿಡಿ. ರಿಟರ್ನ್ ಕೊನೆ ದಿನದ ವಾರದಲ್ಲಿ ಇದನ್ನೆಲ್ಲ ಮಾಡಬೇಡಿ.

ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಇಷ್ಟು ವರ್ಷಕ್ಕೆ ಅದು ಸೋತಿರುತ್ತದೆ. ಸೋತರೆ ಕರೆಂಟು ಹೋದಾಗಲೆಲ್ಲ ನೀವು ಮಾಡಿದ ಬಯೋಸ್ ಸೆಟ್ಟಿಂಗ್ ಹೋಗುತ್ತದೆ. ತಾರೀಕೂ ಹಿಂದಕ್ಕೆ ಹೋಗಿ ಬ್ಯಾಂಕು, ಜಿಎಸ್‌ಟಿ ತಾಣಗಳು ತೆರೆಯದೆ ಹಟ ಹಿಡಿಯುತ್ತವೆ. ಮಂಗಳೂರಿನ ಸಿಡಿಲು ಮಳೆಯ ಸಂಜೆಗಳನ್ನು ನೆನೆದರೆ ಯುಪಿಎಸ್ ಇಲ್ಲದೆ ಈ ಯಾವ ಕೆಲಸಕ್ಕೂ ಕೂರಬೇಡಿ ಎಂದೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಯುವಕ ಮಂಡಲದ ವಾಚನಾಲಯದಲ್ಲಿ ವಿಂಡೋಸ್ 7 ಇರುವ ಕೋರ್ 2 ಡ್ಯುಯೊ ಕಂಪ್ಯೂಟರ್ ಇದೆ, 2 ಜಿಬಿ ರ‍್ಯಾಮ್. ವಿಂಡೋಸ್ 11 ಆಗುತ್ತದೆಯೇ?
– ಕಾರ್ಯದರ್ಶಿ, ಕಾರ್ಕಳ ತಾಲೂಕು

ಉತ್ತರ: ಆಗುವುದಿಲ್ಲ, ರೂಫಸ್‌ನಿಂದಲೂ ಆಗುವುದಿಲ್ಲ. 2024ರ 24ಎಚ್2 ಆವೃತ್ತಿಯಿಂದ ಈಚೆಗೆ ವಿಂಡೋಸ್ 11ಕ್ಕೆ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಪ್ರೊಸೆಸರಿನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ. ಟಿಪಿಎಂ ಹಾಗೆ ದಾಟಿ ಹೋಗುವ ನಿಯಮ ಅಲ್ಲ ಇದು. ವಿಂಡೋಸ್ 7ನ್ನು ಮಾತ್ರ ಇನ್ನು ಇಂಟರ್‌ನೆಟ್‌ಗೆ ಸೇರಿಸಬೇಡಿ, ಕ್ರೋಮ್ ಅದಕ್ಕೆ 2023ರಲ್ಲೇ ಅಪ್‌ಡೇಟ್ ನಿಲ್ಲಿಸಿದೆ. ಬೋರ್ಡು ಹಿಡಿಯುವುದಾದರೆ ರ‍್ಯಾಮ್ 4 ಜಿಬಿ ಮಾಡಿಸಿ, ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ. ಮಕ್ಕಳು ಕನ್ನಡ ಟೈಪಿಂಗ್ ಕಲಿಯಲಿಕ್ಕೆ, ಪತ್ರ ಬರೆಯಲಿಕ್ಕೆ, ಫಲಿತಾಂಶ ನೋಡಲಿಕ್ಕೆ ಚೆನ್ನಾಗಿ ಆಗುತ್ತದೆ. ವೀಡಿಯೊ ಪಾಠಕ್ಕೆ ಅದನ್ನು ನಂಬಬೇಡಿ.

ಪ್ರಶ್ನೆ: ಝೆರಾಕ್ಸ್ ಅಂಗಡಿ ಇದೆ. ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ನನ್ನ ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ 1020 ಎರಡೂ ಪ್ರಿಂಟರ್ ನಡೆಯುತ್ತವೆಯೇ?
– ಅಂಗಡಿ ಮಾಲೀಕರು, ಕುಂದಾಪುರ

ಉತ್ತರ: ಎಚ್‌ಪಿ 1020 ನಡೆಯುತ್ತದೆ. ಎಚ್‌ಪಿಲಿಪ್ ತಂತ್ರಾಂಶದ ಜೊತೆ ಅದರ ಪ್ಲಗಿನ್ ಕೂಡ ಹಾಕಬೇಕು, ಅದಕ್ಕೆ ಒಮ್ಮೆ ಇಂಟರ್‌ನೆಟ್ ಬೇಕು. ಕ್ಯಾನನ್ 2900 ಲಿನಕ್ಸ್‌ನಲ್ಲಿ ಕಿರಿಕಿರಿ. ಅದಕ್ಕೆ ಕ್ಯಾನನ್‌ನ ಕ್ಯಾಪ್ಟ್ ಡ್ರೈವರ್ ಬೇರೆಯಾಗಿ ಹಾಕಬೇಕು, ಹಾಕಿದ ಮೇಲೂ ಕೆಲವೊಮ್ಮೆ ಮಧ್ಯದಲ್ಲಿ ನಿಲ್ಲುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಅದು ಆಗಬಾರದು. ದಿನದ ಸಂಪಾದನೆ 2900ರ ಮೇಲೇ ಇದ್ದರೆ ಅದು ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲಿ, ಎಚ್‌ಪಿ ಇರುವುದನ್ನು ಲಿನಕ್ಸ್ ಮಾಡಿ. ಮೊದಲು ಡಿಸ್ಕಿಗೆ ಏನೂ ಹಾಕದೆ ಮಿಂಟನ್ನು ಪೆನ್‌ಡ್ರೈವಿನಿಂದಲೇ ಶುರು ಮಾಡಿ, ಪ್ರಿಂಟರ್ ಸಿಕ್ಕಿಸಿ, ನಿಮ್ಮಲ್ಲಿ ದಿನಾ ಬರುವಂಥ ಒಂದು ಆಧಾರ್ ಪಿಡಿಎಫ್ ಮತ್ತು ಒಂದು ಕನ್ನಡ ಅರ್ಜಿ ಪ್ರಿಂಟ್ ತೆಗೆದು ನೋಡಿ. ಎರಡೂ ಸರಿಯಾಗಿ ಬಂದರೆ ಇನ್‌ಸ್ಟಾಲ್ ಮಾಡಿ.