ನಡುವೆ ಹಸಿ ಉಳಿದ ಸೇಬಿನ ಕೇಕ್: ನಾರ್ವೆಯ ಮನೆಗಳಲ್ಲಿ ಮಾಡುವ ರೀತಿ

ಅಕ್ಕ, ನಿಮ್ಮ ಪೋಸ್ಟ್ ಓದಿದೆ, ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಮೂರು ಸೇಬು ತುರಿದು, ಸಕ್ಕರೆ ಬೆರೆಸಿ ಅರ್ಧ ಗಂಟೆ ಇಟ್ಟಿರಿ. ಆಮೇಲೆ ಕೇಕಿನ ಹಿಟ್ಟಿಗೆ ಕಲಸಿ 200 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿದಿರಿ. ಮೇಲೆ ಕಪ್ಪಾಯಿತು, ನಡುವೆ ಗಂಜಿಯ ಹಾಗೆ ಉಳಿಯಿತು. ನಾರ್ವೆಯವರು ಇದನ್ನು ನಿಜವಾಗಿ ಹೇಗೆ ಮಾಡುತ್ತಾರೆ ಅಂತ ಕೇಳಿದ್ದೀರಿ. ನಾನು ಬರ್ಗೆನ್‌ಗೆ ಬಂದು ಒಂಬತ್ತು ವರ್ಷವಾಯಿತು. ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ನಿಂತು ಕಲಿತ ಕೇಕ್ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎಡವಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. ತುರಿದು ಸಕ್ಕರೆ ಹಾಕಿದರೆ ಆ ನೀರೆಲ್ಲ ಹೊರಗೆ ಬರುತ್ತದೆ. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಬಟ್ಟಲ ತಳದಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆಯೇ. ಆ ನೀರನ್ನೂ ಸೇರಿಸಿ ಹಿಟ್ಟಿಗೆ ಕಲಸಿದ್ದರಿಂದ ಹಿಟ್ಟು ತೆಳುವಾಯಿತು, 30 ನಿಮಿಷದಲ್ಲಿ ನಡುಭಾಗ ಬೇಯಲಿಲ್ಲ. ಬೇಕಿಂಗ್ ಪೌಡರ್ ಹಳೆಯದೇನೋ ಅಂತ ಅನುಮಾನಪಟ್ಟಿದ್ದೀರಿ. ಆದರೆ ಫೋಟೊದಲ್ಲಿ ಅಂಚು ಚೆನ್ನಾಗಿ ಉಬ್ಬಿದೆ, ಅದರ ತಪ್ಪಿಲ್ಲ.

ಇಲ್ಲಿ ಈ ಕೇಕಿಗೆ ಎಪ್ಲೆಕಾಕೆ ಅನ್ನುತ್ತಾರೆ. ಎಪ್ಲೆ ಅಂದರೆ ಸೇಬು, ಕಾಕೆ ಅಂದರೆ ಕೇಕ್. ಸೇಬನ್ನು ತುರಿಯುವುದಿಲ್ಲ, ಹಿಟ್ಟಿಗೆ ಕಲಸುವುದೂ ಇಲ್ಲ. ಗಟ್ಟಿ ಹಿಟ್ಟನ್ನು ಟಿನ್‌ನಲ್ಲಿ ಹರಡಿ, ಸೇಬಿನ ಹೋಳುಗಳನ್ನು ಅದರಲ್ಲಿ ಸಾಲಾಗಿ ನೆಡುತ್ತಾರೆ. ಆ ಹೋಳುಗಳಿಗೆ ಇವರ ಮಾತಿನಲ್ಲಿ ದೋಣಿ ಅಂತಲೇ ಹೆಸರು, ‘ಎಪ್ಲೆಬೋಟರ್’. ಹೆಸರಿಗೆ ತಕ್ಕ ಹಾಗೆ ಅವು ಹಿಟ್ಟಿನ ಮೇಲೆ ತೇಲಬೇಕು. ಮುಳುಗಿದರೆ ಹಿಟ್ಟು ತೆಳುವಾಗಿದೆ ಅಂತ ಅರ್ಥ.

ಇನ್ನು ಸೇಬಿನ ವಿಷಯ. ನನ್ನ ಮಟ್ಟಿಗೆ ಈ ಕೇಕಿನಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಬರ್ಗೆನ್‌ನಿಂದ ಎರಡು-ಎರಡೂವರೆ ಗಂಟೆಯ ದಾರಿಯಲ್ಲಿ ಹಾರ್ಡಾಂಗರ್ ಅನ್ನುವ ಸೀಮೆ ಇದೆ. ಸಮುದ್ರದ ನೀರು ಬೆಟ್ಟಗಳ ನಡುವೆ ಉದ್ದಕ್ಕೆ ಒಳಗೆ ಬಂದಿರುವ ಜಾಗ. ಅದರ ದಂಡೆಯ ಇಳಿಜಾರಿನಲ್ಲಿ, ಉಲ್ಲೆನ್ಸ್‌ವಾಂಗ್, ಲೋಫ್ಟ್‌ಹೂಸ್ ಕಡೆಗೆಲ್ಲ, ಬರೀ ಸೇಬಿನ ತೋಟ. ಸಿಸ್ಟರ್ಸಿಯನ್ ಸನ್ಯಾಸಿಗಳು 13ನೇ ಶತಮಾನದಲ್ಲಿ ಲೋಫ್ಟ್‌ಹೂಸ್ ಹತ್ತಿರ ಹಣ್ಣಿನ ಕೃಷಿ ಶುರುಮಾಡಿದರು ಎಂದು ಅಲ್ಲಿನವರು ಹೇಳುತ್ತಾರೆ. ಇಷ್ಟು ಉತ್ತರದಲ್ಲೂ ಸೇಬು ಬೆಳೆಯುವುದಕ್ಕೆ ಕಾರಣ ಆ ನೀರು. ಚಳಿಗಾಲದಲ್ಲೂ ಅದು ಹೆಪ್ಪುಗಟ್ಟದೆ ದಂಡೆಯನ್ನು ಬೆಚ್ಚಗಿಡುತ್ತದೆ. ಮೇ ತಿಂಗಳಲ್ಲಿ ಗಿಡಗಳೆಲ್ಲ ಹೂ ಬಿಟ್ಟಿರುವಾಗ ಮೇಲಿನ ಬೆಟ್ಟದಲ್ಲಿ ಇನ್ನೂ ಹಿಮ ಕಾಣುತ್ತಿರುತ್ತದೆ. ಸೆಪ್ಟೆಂಬರಿನಲ್ಲಿ ಹೋದರೆ ರಸ್ತೆ ಬದಿಯ ಸಣ್ಣ ಗೂಡುಗಳಲ್ಲಿ ಸೇಬಿನ ಚೀಲ ಇಟ್ಟಿರುತ್ತಾರೆ, ಕಾಯಲು ಯಾರೂ ಇರುವುದಿಲ್ಲ. ದುಡ್ಡು ಹಾಕಿ ಚೀಲ ತಗೊಂಡು ಬರಬೇಕು ಅಷ್ಟೇ. ನಾನು ಪ್ರತಿ ವರ್ಷ ಹೋಗಿ ಗ್ರಾವೆನ್‌ಸ್ಟೈನ್ ಅನ್ನುವ ತಳಿ ತರುತ್ತೇನೆ. ಹಳದಿ ಮೈ ಮೇಲೆ ಕೆಂಪು ಗೆರೆ, ಒಳ್ಳೆ ಹುಳಿ, ಬುಟ್ಟಿ ಇಟ್ಟ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಹೆಚ್ಚು ದಿನ ಇಡುವ ಹಣ್ಣಲ್ಲ, ತಂದ ಕೂಡಲೇ ಕೇಕ್ ಮಾಡಬೇಕು.

ನಿಮಗೆ ಅಲ್ಲಿ ಅದು ಸಿಗುವುದಿಲ್ಲ. ನೀವು ಹಾಕಿದ್ದು ಶಿಮ್ಲಾ ಕಡೆಯ ಕೆಂಪು ಡೆಲಿಶಿಯಸ್. ತಿನ್ನಲು ಚೆನ್ನ, ಆದರೆ ಹುಳಿಯೇ ಇಲ್ಲ. ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜ್‌ನಲ್ಲಿದ್ದರೆ ಒಳಗೆ ಹಿಟ್ಟು ಹಿಟ್ಟಾಗಿರುತ್ತದೆ. ಬೆಣ್ಣೆ, ಸಕ್ಕರೆ ಎರಡೂ ಧಾರಾಳ ಇರುವ ಕೇಕಿಗೆ ಹುಳಿ ಬೇಕೇ ಬೇಕು, ಇಲ್ಲದಿದ್ದರೆ ಎರಡನೇ ತುಂಡಿಗೇ ಬಾಯಿ ಕಟ್ಟುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಹಸಿರು ಸೇಬು, ಅಂದರೆ ಗ್ರಾನಿ ಸ್ಮಿತ್, ಇದಕ್ಕೆ ಸರಿಯಾಗಿ ಹೊಂದುತ್ತದೆ. ಕಾಶ್ಮೀರದ ಮಹಾರಾಜಿ ಸಿಕ್ಕರೆ ಅದೂ ಹುಳಿ ಹಣ್ಣೇ. ಎರಡೂ ಸಿಗದಿದ್ದರೆ ಕೆಂಪು ಸೇಬಿನಲ್ಲೇ ಗಟ್ಟಿಯಾದದ್ದನ್ನು ಆರಿಸಿ, ಹೋಳುಗಳಿಗೆ ಒಂದು ಟೇಬಲ್ ಚಮಚ ನಿಂಬೆರಸ ಸವರಿ, ಹಿಟ್ಟಿಗೆ ಹಾಕುವ ಸಕ್ಕರೆಯಲ್ಲಿ 20 ಗ್ರಾಂ ಕಡಿಮೆ ಮಾಡಿ.

ಅಳತೆ ಬರೆದುಕೊಳ್ಳಿ, 9 ಇಂಚಿನ ದುಂಡು ಟಿನ್‌ಗೆ. ಬೆಣ್ಣೆ 150 ಗ್ರಾಂ, ಸಕ್ಕರೆ 130 ಗ್ರಾಂ, ಮೊಟ್ಟೆ ಮೂರು, ಮೈದಾ 180 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು ಎರಡು ಟೇಬಲ್ ಚಮಚ, ಏಲಕ್ಕಿ ಎಂಟು-ಹತ್ತು, ಮಧ್ಯಮ ಗಾತ್ರದ ಸೇಬು ಮೂರು. ಮೇಲೆ ಉದುರಿಸಲು ಎರಡು ಟೇಬಲ್ ಚಮಚ ಸಕ್ಕರೆಗೆ ಒಂದು ಟೀ ಚಮಚ ಚಕ್ಕೆ ಪುಡಿ. ಅಂಗಡಿಯ ಉಪ್ಪು ಬೆಣ್ಣೆ ಆಗುತ್ತದೆ, ಇಲ್ಲಿನ ಮನೆಗಳಲ್ಲೂ ಕೇಕಿಗೆ ಅದನ್ನೇ ಹಾಕುತ್ತಾರೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಚೆನ್ನಾಗಿ ಹಿಂಡಿ ತೆಗೆದು, ಒಂದು ಚಿಟಿಕೆ ಉಪ್ಪು ಸೇರಿಸಿ, ಹಾಲು ಹಾಕುವುದನ್ನು ಬಿಟ್ಟುಬಿಡಿ.

ಇನ್ನೊಂದು ಎಚ್ಚರಿಕೆ. ನಾರ್ವೆಯವರು ಬರೆದ ಪಾಕವಿಧಾನ ನೋಡಿ ಮಾಡುವುದಾದರೆ, ಅವರ ಅಳತೆ ಡೆಸಿಲೀಟರ್‌ನಲ್ಲಿ ಇರುತ್ತದೆ. ಅದು 100 ಮಿಲಿ. ನಮ್ಮ ಅಳತೆ ಕಪ್ 240 ಮಿಲಿ. 3 ಡೆಸಿಲೀಟರ್ ಮೈದಾ ಅಂದರೆ ಸುಮಾರು 180 ಗ್ರಾಂ. ಅದನ್ನು ಮೂರು ಕಪ್ ಅಂತ ಓದಿಕೊಂಡರೆ ಕೇಕ್ ಕಲ್ಲಾಗುತ್ತದೆ.

ಏಲಕ್ಕಿ ಹೆಸರು ಕೇಳಿ ಇದು ನನ್ನ ಸೇರ್ಪಡೆ ಅಂದುಕೊಳ್ಳಬೇಡಿ. ನಾರ್ವೆಯ ಬನ್ನು, ಕೇಕುಗಳಿಗೆ ಏಲಕ್ಕಿ ತೀರಾ ಸಾಮಾನ್ಯ, ಕಾರ್ಡೆಮೊಮ್ಮೆ ಅನ್ನುತ್ತಾರೆ. ಬಹಳ ಮನೆಗಳಲ್ಲಿ ಅಂಗಡಿಯ ಪುಡಿ ಬಳಸುತ್ತಾರೆ. ಸಕಲೇಶಪುರದಿಂದ ಅಮ್ಮ ಕಳಿಸಿದ ಏಲಕ್ಕಿಯನ್ನು ನಾನು ಒಮ್ಮೆ ಅಜ್ಜಿಯ ಎದುರಿಗೇ ಕುಟ್ಟಾಣಿಯಲ್ಲಿ ಕುಟ್ಟಿದೆ. ಅವರು ಕುಟ್ಟಾಣಿಯನ್ನೇ ಎತ್ತಿ ಮೂಗಿಗೆ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನೆ ನಿಂತುಬಿಟ್ಟರು. ಆಮೇಲೆ ಅವರ ಮನೆಗೆ ನಮ್ಮೂರಿನ ಏಲಕ್ಕಿಯೇ ಹೋಗುತ್ತಿದೆ. ನೀವು ಮಲೆನಾಡಿನವರು, ಪುಡಿ ಡಬ್ಬಿ ತರಬೇಡಿ, ಆಗಲೇ ಕುಟ್ಟಿ ಹಾಕಿ. ತೀರಾ ನುಣ್ಣಗಾಗುವುದು ಬೇಡ, ಒಂದೊಂದು ಕಾಳು ಹಲ್ಲಿಗೆ ಸಿಗಲಿ.

ಬೆಣ್ಣೆ ಬೆರಳಿಂದ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಏಪ್ರಿಲ್ ಬಿಸಿಲಲ್ಲಿ ಫ್ರಿಜ್‌ನಿಂದ ತೆಗೆದು ಹತ್ತು-ಹದಿನೈದು ನಿಮಿಷ ಸಾಕಾಗಬಹುದು. ಸಕ್ಕರೆ ಸೇರಿಸಿ ಬಣ್ಣ ಬೆಳ್ಳಗಾಗುವ ತನಕ ಬೀಟ್ ಮಾಡಿ, ನಾಲ್ಕೈದು ನಿಮಿಷ. ಮೊಟ್ಟೆಯನ್ನು ಮೊದಲೇ ಹೊರಗಿಟ್ಟಿರಬೇಕು, ಒಂದೊಂದಾಗಿ ಹಾಕಬೇಕು. ಹಿಟ್ಟು ಒಡೆದ ಹಾಲಿನ ಹಾಗೆ ಕಂಡರೆ ಗಾಬರಿ ಬೇಡ, ಒಂದು ಚಮಚ ಮೈದಾ ಹಾಕಿ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಉಳಿದ ಮೈದಾ, ಬೇಕಿಂಗ್ ಪೌಡರ್ ಜರಡಿ ಹಿಡಿದು ಏಲಕ್ಕಿ, ಹಾಲಿನ ಜೊತೆ ಸೇರಿಸಿ, ಸೌಟಿನಲ್ಲಿ ಬೆರೆತರೆ ಸಾಕು ಅನ್ನುವಷ್ಟೇ ಕಲಸಿ. ಹದ ಉದ್ದಿನ ವಡೆ ಹಿಟ್ಟಿಗೆ ಹತ್ತಿರ ಇರಬೇಕು. ಸೌಟು ಎತ್ತಿದರೆ ದೊಪ್ಪನೆ ಬೀಳಬೇಕು, ಹರಿಯಬಾರದು. ಟಿನ್‌ಗೆ ಬೆಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ ಹರಡಿ.

ಸೇಬು ಹೆಚ್ಚುವುದು ಹಿಟ್ಟು ಹರಡಿದ ಮೇಲೆ, ಅದಕ್ಕೂ ಮೊದಲಲ್ಲ. ಸಿಪ್ಪೆ ತೆಗೆದು, ನಾಲ್ಕು ಭಾಗ ಮಾಡಿ, ಬೀಜದ ಭಾಗ ತೆಗೆದು, ಒಂದೊಂದನ್ನು ಉದ್ದಕ್ಕೆ ಮೂರು ದೋಣಿ ಮಾಡಿ. ಅಜ್ಜಿ ಜೋಡಿಸುವಾಗ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಂಚಿನಿಂದ ಶುರುಮಾಡಿ, ದೋಣಿಯ ದುಂಡು ಬೆನ್ನು ಮೇಲೆ ಬರುವ ಹಾಗೆ, ತುದಿ ನಡುವಿಗೆ ತೋರುವ ಹಾಗೆ, ಹೆಬ್ಬೆರಳಿನಿಂದ ಒಂದೇ ಸಲ ಮೆಲ್ಲಗೆ ಒತ್ತುತ್ತಾರೆ. ಮೂರನೇ ಒಂದು ಭಾಗ ಹೊರಗೆ ಕಾಣಬೇಕು. ಎರಡು ದೋಣಿಗಳ ನಡುವೆ ಕಿರುಬೆರಳಿನಷ್ಟು ಹಿಟ್ಟು ಬಿಡುತ್ತಾರೆ, ಅಲ್ಲಿಂದಲೇ ಕೇಕ್ ಉಬ್ಬಿ ಬರುವುದು. ಕೊನೆಗೆ ಎರಡು ಮೂರು ಹೋಳು ಉಳಿದರೆ ತುರುಕಲು ಹೋಗುವುದಿಲ್ಲ, ಎದುರಿಗಿದ್ದವರ ಕೈಗೆ ಕೊಡುತ್ತಾರೆ. ಚಕ್ಕೆ ಸಕ್ಕರೆ ಉದುರಿಸಿದ ತಕ್ಷಣ ಓವನ್‌ಗೆ. ಸಕ್ಕರೆ ಬಿದ್ದ ಸೇಬು ಕಾಯುತ್ತಾ ಕೂರಬಾರದು.

ಓವನ್ 175 ಡಿಗ್ರಿ, ಮೇಲಿನ ಕೆಳಗಿನ ಎರಡೂ ರಾಡ್ ಆನ್, ಫ್ಯಾನ್ ಬೇಡ, ಟಿನ್ ಕೆಳಗಿನ ತಟ್ಟೆಯಲ್ಲಿ. 45ರಿಂದ 50 ನಿಮಿಷ ಹಿಡಿಯುತ್ತದೆ. ಓಟಿಜಿಯ ಗುಂಡಿಯ ಅಂಕಿಯನ್ನು ಪೂರ್ತಿ ನಂಬಬೇಡಿ, ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದು ತಗೊಳ್ಳಿ. 35 ನಿಮಿಷಕ್ಕೆ ಮೇಲೆ ಕೆಂಪಗಾಗಿದ್ದರೆ ಫಾಯಿಲ್ ಸಡಿಲವಾಗಿ ಹೊದಿಸಿ. ಕಡ್ಡಿ ಚುಚ್ಚಿ ನೋಡುವಾಗ ಸೇಬಿಗೆ ಚುಚ್ಚಿದರೆ ಯಾವಾಗಲೂ ಒದ್ದೆಯೇ ಬರುತ್ತದೆ. ನಡುಭಾಗದಲ್ಲಿ ಎರಡು ದೋಣಿಗಳ ನಡುವಿನ ಹಿಟ್ಟಿಗೆ ಚುಚ್ಚಿ. ಹೊರಗೆ ತೆಗೆದ ಮೇಲೆ ಇಪ್ಪತ್ತು ನಿಮಿಷ ಟಿನ್‌ನಲ್ಲೇ ಬಿಡಿ, ಬಿಸಿಯಲ್ಲಿ ಎತ್ತಿದರೆ ಸೇಬಿನ ಜಾಗದಲ್ಲಿ ಸೀಳುತ್ತದೆ.

ಕೆಳಗೆ ಇನ್ನೊಬ್ಬರು ಮೊಟ್ಟೆ ಇಲ್ಲದೆ ಆಗುತ್ತದೆಯೇ ಅಂತ ಕೇಳಿದ್ದಾರೆ. ಈ ಹಿಟ್ಟಿನಿಂದ ಮೊಟ್ಟೆ ತೆಗೆದು ಮೊಸರು ಹಾಕಿ ನಾನು ಎರಡು ಸಲ ಮಾಡಿದ್ದೇನೆ, ದೋಣಿಗಳು ಮುಳುಗಿದವು. ಅದಕ್ಕಿಂತ ಮುಚ್ಚಳದ ಸೇಬಿನ ಕೇಕ್ ಮಾಡಿ, ಅದೂ ಇಲ್ಲಿನದೇ. 250 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, 75 ಗ್ರಾಂ ಸಕ್ಕರೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಮೂರು ನಾಲ್ಕು ಚಮಚ ತಣ್ಣನೆ ಹಾಲು ಹಾಕಿ ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮುಕ್ಕಾಲು ಭಾಗ ತಟ್ಟಿ ತಳಕ್ಕೆ ಹಾಸಿ, ನೀರು ಆರುವ ತನಕ ಬಾಡಿಸಿ ತಣಿಸಿದ ಸೇಬು ತುಂಬಿ, ಉಳಿದದ್ದನ್ನು ಪಟ್ಟಿ ಪಟ್ಟಿಯಾಗಿ ಮೇಲೆ ಹಾಕಿ. ತುರಿದ ಸೇಬು ಇದರಲ್ಲಿ ನಡೆಯುತ್ತದೆ.

ನಿಮ್ಮ ಹಸಿ ಕೇಕ್ ಇನ್ನೂ ಎಸೆದಿಲ್ಲ ತಾನೇ? ಬೆಂದ ಅಂಚನ್ನೆಲ್ಲ ಪುಡಿ ಮಾಡಿ, ಬಾಣಲೆಯಲ್ಲಿ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿಯಿರಿ. ಬೇಯಿಸಿ ಮಸೆದ ಸೇಬು, ಈ ಪುಡಿ, ಕಡೆದ ಕ್ರೀಮ್, ಹೀಗೆ ಗಾಜಿನ ಲೋಟದಲ್ಲಿ ಪದರ ಪದರ ಹಾಕಿ. ಬ್ರೆಡ್ ಪುಡಿಯಿಂದ ಮಾಡುವ ಹಳೆಯ ನಾರ್ವೆ ತಿಂಡಿ ಒಂದು ಹೀಗೆಯೇ ಇದೆ. ಅದರ ಹೆಸರಿನ ಅರ್ಥ ‘ಮುಸುಕು ಹಾಕಿದ ಹಳ್ಳಿ ಹುಡುಗಿಯರು’. ಮೇಲಿನ ಬಿಳಿ ಕ್ರೀಮ್ ಆ ಮುಸುಕು. ನಡುವಿನ ಹಸಿ ಭಾಗ ಮಾತ್ರ ಬಳಸಬೇಡಿ, ಅದರಲ್ಲಿ ಬೇಯದ ಮೊಟ್ಟೆ ಇದೆ.

ಕೇಕನ್ನು ಇಲ್ಲಿ ಉಗುರುಬೆಚ್ಚಗೆ ವೆನಿಲ್ಲಾ ಐಸ್ ಕ್ರೀಮ್ ಅಥವಾ ಕಡೆದ ಕ್ರೀಮ್ ಜೊತೆ ಕೊಡುತ್ತಾರೆ, ಪಕ್ಕದಲ್ಲಿ ಕಪ್ಪು ಕಾಫಿ. ನನಗೆ ಮರುದಿನದ ತುಂಡೇ ಹೆಚ್ಚು ಇಷ್ಟ, ಅಷ್ಟರಲ್ಲಿ ಸೇಬಿನ ರಸ ಸುತ್ತಲಿನ ಕೇಕಿಗೆ ಇಳಿದಿರುತ್ತದೆ. ನಿಮ್ಮ ಕಡೆಯ ಹವೆಗೆ ಒಂದು ದಿನ ಹೊರಗಿಡಬಹುದು, ಆಮೇಲೆ ಫ್ರಿಜ್.

ಮುಂದಿನ ಸಲ ದೋಣಿ ಜೋಡಿಸಿದ ಮೇಲೆ, ಚಕ್ಕೆ ಸಕ್ಕರೆ ಉದುರಿಸುವ ಮೊದಲು, ಇಲ್ಲೇ ಒಂದು ಫೋಟೊ ಹಾಕಿ ಅಕ್ಕ. ಭಾನುವಾರ ಮಾಡುವುದಾದರೆ ನಾನು ಆನ್‌ಲೈನ್ ಇರುತ್ತೇನೆ. ಸೇಬು ಹೆಚ್ಚಾಗಿದ್ದರೆ, ಹಿಟ್ಟು ತೆಳು ಅನ್ನಿಸಿದರೆ ಓವನ್‌ಗೆ ಹೋಗುವ ಮೊದಲೇ ಹೇಳುತ್ತೇನೆ.